ವೆಂಟ್ ಹೋದದ್ದೆಲ್ಲಿಗೆ?

ಮೈಸೂರಿನ ಸರ್ಕಾರಿ ಹಿರಿಯ ಪ್ರಾಥಮಿಕ ಶಾಲೆಗಳ ಕಾಂಪೌಂಡಿನ ಪಕ್ಕ ಓಡಾಡುವವರಿಗೆ ಈ ರಾಗ ಹೊಸದಲ್ಲ: "ಗೋ–ವೆಂಟ್–ಗಾನ್, ಕಮ್–ಕೇಮ್–ಕಮ್, ಈಟ್–ಏಟ್–ಈಟನ್." ಮಗ್ಗಿ ಒಪ್ಪಿಸುವ ಅದೇ ಧಾಟಿ, ಅದೇ ತೂಗಾಟ. ಹಿಂದಿನ ಬೆಂಚಿನ ಹುಡುಗನಿಗೂ ತಪ್ಪಿಲ್ಲದೆ ಬರುತ್ತದೆ. ಅದೇ ಹುಡುಗನನ್ನು ಎಬ್ಬಿಸಿ, ಶನಿವಾರ ಶಾಲೆಗೆ ಯಾಕೆ ಬರಲಿಲ್ಲ, ಇಂಗ್ಲಿಷಿನಲ್ಲಿ ಹೇಳು ಎಂದರೆ, "ಮಿಸ್, ಐ ಗೋ ಟು ಅಜ್ಜಿ ಹೌಸ್" ಎನ್ನುತ್ತಾನೆ. ಒಂದು ನಿಮಿಷದ ಹಿಂದೆ ನಾಲಗೆಯ ತುದಿಯಲ್ಲಿದ್ದ ವೆಂಟ್ ಬೇಕಾದ ಹೊತ್ತಿಗೆ ಕೈಕೊಟ್ಟಿತು.

ಈ ಅಂತರ ತುಂಬಲೆಂದು ಇಂಗ್ಲಿಷ್ ಮೇಷ್ಟರುಗಳ ಜಗತ್ತು ಆಟಗಳನ್ನು ಗುಡ್ಡೆ ಹಾಕಿಕೊಂಡಿದೆ. ಮಾರಿಯೊ ರಿನ್ವೊಲುಕ್ರಿಯ 'ಗ್ರಾಮರ್ ಗೇಮ್ಸ್' 1984ರಲ್ಲಿ ಬಂತು, ಪೆನ್ನಿ ಉರ್ ಅವರ 'ಗ್ರಾಮರ್ ಪ್ರಾಕ್ಟೀಸ್ ಆಕ್ಟಿವಿಟೀಸ್' 1988ರಲ್ಲಿ. ಅಲ್ಲಿಂದ ಈಚೆಗೆ ಬಂದ ಚಟುವಟಿಕೆಗಳಲ್ಲಿ ಬಹುಪಾಲು ಇವುಗಳ ಮರಿಮಕ್ಕಳು. ಆಟಗಳಿಗೆ ಬರವಿಲ್ಲ. ನಲವತ್ತು ಮಕ್ಕಳು, ನಲವತ್ತು ನಿಮಿಷ, ಮನೆಯಲ್ಲಿ ಇಂಗ್ಲಿಷಿನ ಗಾಳಿಯೂ ಇಲ್ಲದ ಕನ್ನಡ ಮಾಧ್ಯಮದ ಕೋಣೆ: ಇಲ್ಲಿ ಯಾವ ಆಟ ಕೆಲಸಕ್ಕೆ ಬರುತ್ತದೆ, ಯಾವುದು ಬರೀ ಗಲಾಟೆ ಎಂಬುದು ಪ್ರಶ್ನೆ. ನನ್ನ ಅಂದಾಜು ಇಷ್ಟು: ನಡೆದದ್ದು ಏನೆಂದು ಕೇಳುವವನಿಗೆ ನಿಜವಾಗಿ ಗೊತ್ತಿಲ್ಲದ ಆಟದಲ್ಲಿ ಮಾತ್ರ ಭೂತಕಾಲಕ್ಕೆ ಕೆಲಸವಿರುತ್ತದೆ. ಮಿಕ್ಕವು ಬಣ್ಣದ ಕಾರ್ಡಿನಲ್ಲಿ ಬರೆದ ಹಳೆಯ ಬಾಯಿಪಾಠ.

ಆಟಕ್ಕೆ ಇಳಿಯುವ ಮೊದಲು, ಮಗು ಎಡವುವುದು ಎಲ್ಲಿ ಎಂದು ನೋಡಬೇಕು. ಇಂಗ್ಲಿಷಿನ ಅನಿಯಮಿತ ಕ್ರಿಯಾಪದಗಳು ಒಟ್ಟು 180ರ ಆಸುಪಾಸು. ಸಂಖ್ಯೆ ಚಿಕ್ಕದು, ಆದರೆ ಪೀಡೆ ದೊಡ್ಡದು, ಯಾಕೆಂದರೆ ಆ ಭಾಷೆಯಲ್ಲಿ ಅತಿ ಹೆಚ್ಚು ಬಳಕೆಯಾಗುವ ಹತ್ತು ಕ್ರಿಯಾಪದಗಳೂ (ಬಿ, ಹ್ಯಾವ್, ಡೂ, ಸೇ, ಮೇಕ್, ಗೋ, ಟೇಕ್, ಕಮ್, ಸೀ, ಗೆಟ್) ಈ ಗುಂಪಿನವೇ. ಸವೆಯದೆ ಉಳಿದಿರುವುದೂ ಬಳಕೆಯಿಂದಲೇ. 2007ರಲ್ಲಿ 'ನೇಚರ್' ಪತ್ರಿಕೆಯಲ್ಲಿ ಪ್ರಕಟವಾದ ಒಂದು ಅಧ್ಯಯನ ಹಳೆಯ ಇಂಗ್ಲಿಷಿನ 177 ಅನಿಯಮಿತ ಕ್ರಿಯಾಪದಗಳನ್ನು ಹಿಡಿದು ಹೊರಟಿತು. ನಡು ಇಂಗ್ಲಿಷಿನ ಹೊತ್ತಿಗೆ ಅವುಗಳಲ್ಲಿ 145 ಮಾತ್ರ ಅನಿಯಮಿತವಾಗಿ ಉಳಿದಿದ್ದವು, ಇಂದಿಗೆ 98. ಅಪರೂಪಕ್ಕೆ ಬಳಕೆಯಾಗುವ ಪದಗಳು ತಲೆಮಾರುಗಳ ಬಾಯಲ್ಲಿ ನಿಯಮಕ್ಕೆ ಶರಣಾದವು, ದಿನವೂ ಬೇಕಾದವು ಹಟ ಬಿಡಲಿಲ್ಲ.

ಕನ್ನಡದ ಮಗುವಿಗೆ ಇದು ವಿಚಿತ್ರವೆನಿಸಬೇಕಾಗಿಲ್ಲ. ಕೊಡು–ಕೊಟ್ಟ, ಸಿಗು–ಸಿಕ್ಕ, ನಗು–ನಕ್ಕ, ಬೀಳು–ಬಿದ್ದ, ಅಳು–ಅತ್ತ, ನಿಲ್ಲು–ನಿಂತ: ಇವನ್ನೆಲ್ಲ ಯಾವ ಪಟ್ಟಿಯೂ ಇಲ್ಲದೆ ನಾಲ್ಕು ವರ್ಷದೊಳಗೆ ಕಲಿತುಕೊಂಡೇ ಅದು ಶಾಲೆಗೆ ಬಂದಿದೆ. ಈ ಜೋಡಿಗಳನ್ನು ಬೋರ್ಡಿನ ಮೇಲೆ ಬರೆದು, ನಗು ಎಂಬುದು 'ನಗಿದ' ಆಗದೆ ನಕ್ಕ ಯಾಕಾಯಿತು ಎಂದು ಕೇಳಿದರೆ ತರಗತಿ ನಗುತ್ತದೆ. ಗೋ ಎಂಬುದು 'ಗೋಡ್' ಆಗದ್ದಕ್ಕೆ ಬೇರೆ ಸಮಾಧಾನ ಹುಡುಕಬೇಕಾಗಿಲ್ಲ. ವ್ಯಾಕರಣದ ಪಾಠ ಶುರುಮಾಡಲು ಇದಕ್ಕಿಂತ ಅಗ್ಗದ ಆಟ ನನಗೆ ಗೊತ್ತಿಲ್ಲ.

ಇನ್ನೂ ಒಂದು ಬಂಡವಾಳ ಮನೆಯಲ್ಲೇ ಇದೆ. ಮೈಸೂರಿನ ಮಾತಿನಲ್ಲಿ ಇಂಗ್ಲಿಷ್ ಕ್ರಿಯಾಪದಗಳಿಗೆ ಲೆಕ್ಕವಿಲ್ಲ: ಟ್ರೈ ಮಾಡಿದೆ, ಮಿಸ್ ಮಾಡ್ಕೊಂಡೆ, ಅಡ್ಜಸ್ಟ್ ಮಾಡ್ಕೊಂಡ್ವಿ, ಗಾಡಿ ಪಾರ್ಕ್ ಮಾಡಿದ್ರು, ರೀಚಾರ್ಜ್ ಮಾಡಿಸಿದೆ, ಫ್ರೈ ಮಾಡಿದ್ಲು, ಕ್ಯಾನ್ಸಲ್ ಆಯ್ತು. ಭೂತಕಾಲದ ಭಾರವನ್ನೆಲ್ಲ 'ಮಾಡು', 'ಆಗು' ಹೊತ್ತುಕೊಂಡಿರುವುದರಿಂದ ಇಂಗ್ಲಿಷ್ ಪದ ಕೂದಲೂ ಕೊಂಕದೆ ಮೂಲರೂಪದಲ್ಲೇ ಉಳಿದಿದೆ. ಮಗುವಿಗೆ ಪದ ಗೊತ್ತು, ಅದರ ಬಾಲ ಗೊತ್ತಿಲ್ಲ. ಹೀಗೆ ಎರವಲು ಬಂದ ಪದಗಳಲ್ಲಿ ಹೆಚ್ಚಿನವು ನಿಯಮಿತವೇ, ಏಕೆಂದರೆ ಹೋಗು, ಬಾ, ತಿನ್ನು, ಕೊಡು ಎಂಬುದಕ್ಕೆಲ್ಲ ನಮ್ಮದೇ ಪದಗಳಿರುವಾಗ ಗೋ, ಕಮ್, ಈಟ್, ಗಿವ್‌ಗಳನ್ನು ಎರವಲು ತರುವ ಅಗತ್ಯ ಯಾರಿಗೂ ಬೀಳಲಿಲ್ಲ. ಆದ್ದರಿಂದ ಒಂದು ಚಟುವಟಿಕೆ: ಎರಡು ದಿನ ಮನೆಯಲ್ಲಿ, ಬೀದಿಯಲ್ಲಿ, ಸಿಟಿ ಬಸ್ಸಿನಲ್ಲಿ ಕಿವಿಗೆ ಬಿದ್ದ 'ಮಾಡಿದೆ'ಗಳನ್ನು ಬರೆದು ತರುವುದು. ತರಗತಿಯಲ್ಲಿ 'ಮಾಡಿದೆ'ಯನ್ನು ಕಿತ್ತು, ಟ್ರೈಡ್, ಮಿಸ್ಡ್, ಪಾರ್ಕ್ಡ್ ಎಂದು ಬಾಲ ಅಂಟಿಸಿ, ಒಂದೊಂದು ಪೂರ್ತಿ ವಾಕ್ಯ ಹೇಳುವುದು. ಕಟ್, ಸೆಂಡ್ ಥರದ ಕೆಲವು ನಡುವೆ ನುಸುಳಿ ನಿಯಮ ಮುರಿಯುತ್ತವೆ, ಅವನ್ನು ಬೇರೆ ಸಾಲಿಗೆ ಹಾಕಿದರಾಯಿತು.

ಆ ಬಾಲದ ಉಚ್ಚಾರಣೆಯ ಕತೆ ಬೇರೆ. 'ವಾಕೆಡ್', 'ಲುಕೆಡ್', 'ಆಸ್ಕೆಡ್' ಎಂದು ಅಕ್ಷರ ನೋಡಿ ಓದುವುದು ನಮ್ಮಲ್ಲಿ ಪಿಯುಸಿವರೆಗೂ ಹೋಗುತ್ತದೆ. ಹೇಳಬೇಕಾದದ್ದು ಮೂರು ಬಗೆ: ವಾಕ್, ಜಂಪ್, ವಾಶ್, ಲಾಫ್‌ಗಳ ಮುಂದೆ 'ಟ್'. ಕಾಲ್, ಓಪನ್, ರಬ್, ಪ್ಲೇಗಳ ಮುಂದೆ 'ಡ್'. ವಾಂಟ್, ನೀಡ್‌ಗಳ ಹಾಗೆ ಟಕಾರ ಡಕಾರದಲ್ಲೇ ಮುಗಿಯುವವಕ್ಕೆ 'ಇಡ್'. ಇಂಗ್ಲಿಷ್ ಪುಸ್ತಕಗಳು ಇದಕ್ಕೆ ಗಂಟಲಿನ ಮೇಲೆ ಬೆರಳಿಟ್ಟು ಕಂಪನ ನೋಡಿಕೊಳ್ಳಿ ಎನ್ನುತ್ತವೆ. ಕನ್ನಡದ ಮಗುವಿಗೆ ವರ್ಣಮಾಲೆಯೇ ಸಾಕು. ಕ ಚ ಟ ತ ಪ ಒಂದು ಕಂಬಸಾಲು, ಗ ಜ ಡ ದ ಬ ಇನ್ನೊಂದು. ಆದೇಶ ಸಂಧಿಯಲ್ಲಿ ಮಳೆಕಾಲ ಮಳೆಗಾಲವಾದಾಗ ಕಕಾರ ಪಕ್ಕದ ಸ್ವರದ ಸಹವಾಸಕ್ಕೆ ಗಕಾರವಾದದ್ದನ್ನು ಹೈಸ್ಕೂಲಿನವರು ಕನ್ನಡ ಪಿರಿಯಡ್ಡಿನಲ್ಲೇ ಓದಿರುತ್ತಾರೆ. ಕೋಣೆಯ ಮೂರು ಗೋಡೆಗೆ ಟ್, ಡ್, ಇಡ್ ಎಂದು ಚೀಟಿ ಅಂಟಿಸಿ, ಕ್ರಿಯಾಪದ ಕೂಗಿ, ಮಕ್ಕಳನ್ನು ಸರಿಯಾದ ಗೋಡೆಗೆ ಓಡಿಸುವ ಆಟ ಎಲ್ಲ ಕಡೆ ಇದೆ. ಇಲ್ಲಿ ಅದಕ್ಕೆ ವರ್ಗಾಕ್ಷರದ ತರ್ಕ ಸೇರಿಸಿದರೆ ಓಟ ಊಹೆಯ ಓಟವಾಗುವುದಿಲ್ಲ. ಇಂಗ್ಲಿಷ್ ಮೇಷ್ಟರಿಗೂ ಕನ್ನಡ ಮೇಷ್ಟರಿಗೂ ಸ್ಟಾಫ್ ರೂಮಿನಲ್ಲಿ ಮಾತುಕತೆ ಇರಬೇಕು, ಅಷ್ಟೇ.

ನಿಜವಾದ ಮುಳ್ಳಿರುವುದು ಪ್ರಶ್ನೆ ಕೇಳುವಲ್ಲಿ. "ಡಿಡ್ ಯು ವೆಂಟ್?" ಎಂಬುದನ್ನು ಕೇಳದ ಮೇಷ್ಟರಿಲ್ಲ. ಕನ್ನಡದಲ್ಲಿ "ಹೋದ್ಯಾ?" ಎಂದಾಗ ಕ್ರಿಯಾಪದ ಭೂತರೂಪದಲ್ಲೇ ಇರುತ್ತದೆ, ಆ ರೂಢಿ ಇಂಗ್ಲಿಷಿಗೂ ಹಿಂಬಾಲಿಸುತ್ತದೆ. ಆದರೆ ನಿಷೇಧದಲ್ಲಿ ಕನ್ನಡ ಇಂಗ್ಲಿಷಿನ ಪಕ್ಕದಲ್ಲೇ ನಿಂತಿದೆ. ಹೋಗಲಿಲ್ಲ ಎನ್ನುತ್ತೇವೆ, 'ಹೋದಲಿಲ್ಲ' ಎನ್ನುವುದಿಲ್ಲ. ಬರಲಿಲ್ಲ, 'ಬಂದಲಿಲ್ಲ' ಅಲ್ಲ. ಕಾಲವನ್ನು ಬೇರೆಯ ತುಂಡು ಹೊತ್ತುಕೊಂಡೊಡನೆ ಮೂಲ ಕ್ರಿಯಾಪದ ತನ್ನ ಭೂತರೂಪ ಕಳಚಿಡುತ್ತದೆ. 'ಡಿಡ್ ನಾಟ್ ಗೋ' ಮಾಡುವುದೂ ಇದನ್ನೇ. ಹಾಗಾಗಿ ಮೊದಲು ನಿಷೇಧ, ಆಮೇಲೆ ಪ್ರಶ್ನೆ ಎಂಬ ಕ್ರಮ ನಮ್ಮ ಮಕ್ಕಳಿಗೆ ಒಗ್ಗುತ್ತದೆ. ಪಠ್ಯಪುಸ್ತಕಗಳ ಕ್ರಮ ಸಾಮಾನ್ಯವಾಗಿ ಬೇರೆ.

ಇನ್ನೆರಡು ಜಾರುಗಳಿವೆ, ದೊಡ್ಡವರೂ ಇವನ್ನು ದಾಟಿರುವುದಿಲ್ಲ. "ನಿನ್ನೆ ಬೆಟ್ಟಕ್ಕೆ ಹೋಗಿದ್ದೆ" ಎಂಬುದು ಕನ್ನಡದಲ್ಲಿ ಸಲೀಸು. ಅದೇ "ಯೆಸ್ಟರ್‌ಡೇ ಐ ಹ್ಯಾಡ್ ಗಾನ್ ಟು ಚಾಮುಂಡಿ ಹಿಲ್" ಆಗುತ್ತದೆ. "ಆಗ ದಿನಾ ನಡೆದು ಹೋಗುತ್ತಿದ್ದೆ" ಎಂಬುದು "ಐ ವಾಸ್ ಗೋಯಿಂಗ್ ಡೈಲಿ" ಆಗುತ್ತದೆ. ಇಂಗ್ಲಿಷಿಗೆ ಎರಡೂ ಕಡೆ ಸಾದಾ ಭೂತಕಾಲ ಸಾಕು. ಕ್ರಿಯಾಪದದ ಮೂರು ರೂಪ ಎಷ್ಟೇ ಬಾಯಿಪಾಠವಾದರೂ ಈ ತಪ್ಪು ಹೋಗದು, ಏಕೆಂದರೆ ಇಲ್ಲಿ ಕೆಟ್ಟಿರುವುದು ರೂಪವಲ್ಲ, ಆಯ್ಕೆ.

ಮೈಸೂರಿಗೆ ಈ ವಿಷಯದಲ್ಲಿ ಮಾತಾಡುವ ಹಕ್ಕಿದೆ. 1833ರಲ್ಲಿ ಇಲ್ಲಿ ಇಂಗ್ಲಿಷ್ ಶಾಲೆ ತೆರೆದವರು ಮುಮ್ಮಡಿ ಕೃಷ್ಣರಾಜ ಒಡೆಯರು, ಮುಂದೆ ಮಹಾರಾಜಾ ಕಾಲೇಜಾಗಿ ಬೆಳೆದದ್ದು ಅದೇ. ಅದಕ್ಕೆ ಎರಡು ವರ್ಷ ಮೊದಲು ಬ್ರಿಟಿಷರು ಆಡಳಿತ ಕಿತ್ತುಕೊಂಡಿದ್ದರು. ಕೈಯಲ್ಲಿ ರಾಜ್ಯವಿಲ್ಲದ ದೊರೆ ಮಣೆಯಾಟಗಳಲ್ಲಿ ಮುಳುಗಿ ಹೊಸ ಹೊಸ ಆಟ ಕಟ್ಟಿದರು, ಅವರ 'ಶ್ರೀತತ್ತ್ವನಿಧಿ' ಗ್ರಂಥದ ಕೌತುಕನಿಧಿ ಭಾಗ ಆ ಆಟಗಳದೇ ಭಂಡಾರ. ಇಂಗ್ಲಿಷ್ ಶಾಲೆಯೂ ಮಣೆಯಾಟವೂ ಒಂದೇ ಅರಮನೆಯಿಂದ ಬಂದವು, ಆದರೆ ಒಂದರ ಮುಖ ಇನ್ನೊಂದು ನೋಡಿದ ಹಾಗಿಲ್ಲ. ಮಾನಸಗಂಗೋತ್ರಿಯಲ್ಲಿ 1963ರಲ್ಲಿ ಆರಂಭವಾದ ಪ್ರಾದೇಶಿಕ ಶಿಕ್ಷಣ ಸಂಸ್ಥೆ ದಕ್ಷಿಣದ ರಾಜ್ಯಗಳಿಗೆಲ್ಲ ಶಿಕ್ಷಕರನ್ನು ತಯಾರು ಮಾಡುತ್ತ ಬಂದಿದೆ. 1969ರಿಂದ ಭಾರತೀಯ ಭಾಷಾ ಸಂಸ್ಥಾನವೂ ಇಲ್ಲೇ ಇದೆ. ಇವೆರಡಕ್ಕಿಂತ ನಮ್ಮ ಪ್ರಶ್ನೆಗೆ ಹತ್ತಿರವಾದದ್ದು ನಗರದ ಆಚೆ, ಹೆಗ್ಗಡದೇವನಕೋಟೆ ತಾಲ್ಲೂಕಿನಲ್ಲಿ 1995ರಲ್ಲಿ ಹುಟ್ಟಿತು. ರಿಷಿ ವ್ಯಾಲಿ ಶಾಲೆಯ ಮಾದರಿ ನೋಡಿಬಂದ ಅಲ್ಲಿನ ಸರ್ಕಾರಿ ಶಾಲೆಯ ಶಿಕ್ಷಕರು ಯುನಿಸೆಫ್ ನೆರವಿನಿಂದ ನಲಿ–ಕಲಿ ಎಂಬ ಕಲಿಕೆಯ ಪದ್ಧತಿ ಕಟ್ಟಿದರು, ಮುಂದೆ ಅದು ರಾಜ್ಯಕ್ಕೆಲ್ಲ ಹಬ್ಬಿತು. ಕಾರ್ಡುಗಳು, ಕಲಿಕಾ ಏಣಿ, ನೆಲದ ಮೇಲೆ ಗುಂಪು ಕೂರುವ ಕ್ರಮ, ಮಕ್ಕಳೇ ತುಂಬುವ ಹವಾಮಾನ ನಕ್ಷೆ. 2007ರಲ್ಲಿ ಸರ್ಕಾರಿ ಕನ್ನಡ ಶಾಲೆಗಳಲ್ಲಿ ಒಂದನೇ ತರಗತಿಯಿಂದಲೇ ಇಂಗ್ಲಿಷ್ ಒಂದು ವಿಷಯವಾಗಿ ಬಂದಾಗ, ಆಡಿ ಕಲಿಯುವ ವಾತಾವರಣ ಆಗಲೇ ಸಿದ್ಧವಿತ್ತು.

ತೊಂದರೆ ಏನೆಂದರೆ ನಲಿ–ಕಲಿ ಮೂರನೇ ತರಗತಿಗೆ ಮುಗಿಯುತ್ತದೆ. ಭೂತಕಾಲದ ಪಾಠ ಗಟ್ಟಿಯಾಗಿ ಬರುವುದು ಅದರ ನಂತರ, ಮಕ್ಕಳು ಮತ್ತೆ ಬೆಂಚು ಹತ್ತಿದ ಮೇಲೆ. ಆ ಹವಾಮಾನ ನಕ್ಷೆಯೊಂದನ್ನಾದರೂ ನಾಲ್ಕು–ಐದಕ್ಕೆ ಎತ್ತಿಕೊಂಡು ಹೋಗಬಹುದು. ವಾರದ ಕೊನೆಗೆ ನಕ್ಷೆ ನೋಡಿ "ಇಟ್ ರೇನ್ಡ್ ಆನ್ ಟ್ಯೂಸ್ಡೇ, ಇಟ್ ಡಿಡ್ ನಾಟ್ ರೇನ್ ಆನ್ ವೆಡ್ನಸ್ಡೇ" ಎನ್ನುವುದಕ್ಕೆ ಖರ್ಚಿಲ್ಲ, ತಯಾರಿಯಿಲ್ಲ. ಜುಲೈ ತಿಂಗಳ ಮೈಸೂರಿನಲ್ಲಿ ವಾಕ್ಯಗಳಿಗೂ ಬರವಿಲ್ಲ.

ಈಗ ಆಟಗಳು. ಕ್ರಿಯಾಪದದ ರೂಪವನ್ನಷ್ಟೇ ನೆನಪಿಗೆ ತರುವ ಆಟಗಳೇ ಸಂಖ್ಯೆಯಲ್ಲಿ ಹೆಚ್ಚು: ಜೋಡಿ ಕಾರ್ಡು ಮಗುಚಿ ಹುಡುಕುವುದು, ಹೌಸಿ ಚೀಟಿಯಲ್ಲಿ ಅಂಕಿಯ ಬದಲು ವೆಂಟ್, ಸಾ, ಬಾಟ್ ಬರೆದು ಹೊಡೆಯುವುದು, ಕುಂಟೆಬಿಲ್ಲೆಯ ಮನೆಗಳಲ್ಲಿ ಕ್ರಿಯಾಪದ ಬರೆದು ಕುಪ್ಪಳಿಸುವುದು. ಸ್ಮಾರ್ಟ್ ಬೋರ್ಡ್ ಇರುವ ಖಾಸಗಿ ಶಾಲೆಗಳಲ್ಲಿ ಕಹೂಟ್, ವರ್ಡ್‌ವಾಲ್ ಇದೇ ಕೆಲಸವನ್ನು ಸಂಗೀತ ಹಾಕಿ ಮಾಡುತ್ತವೆ. ಇವು ಕೆಟ್ಟವಲ್ಲ. ನೆನಪನ್ನು ಕೆದಕಿ ಹೊರತೆಗೆಯುವುದು ಮತ್ತೆ ಮತ್ತೆ ಓದುವುದಕ್ಕಿಂತ ಗಟ್ಟಿ ಎಂದು ರೋಡಿಗರ್ ಮತ್ತು ಕಾರ್ಪಿಕೆ 2006ರಲ್ಲಿ ತೋರಿಸಿದ್ದು ಇಲ್ಲಿಗೂ ಸಲ್ಲುತ್ತದೆ. ಒಂದೇ ದಿನ ಒಂದು ಗಂಟೆ ಆಡಿಸುವುದಕ್ಕಿಂತ ವಾರಕ್ಕೆ ಮೂರು ಸಲ ಐದೈದು ನಿಮಿಷ ಆಡಿಸುವುದು ಲೇಸು.

ಈ ಗುಂಪಿನಲ್ಲಿ ನಾನು ಮೊದಲ ಮಣೆ ಹಾಕುವುದು ಚೌಕಾಬಾರಕ್ಕೆ. ಐದಕ್ಕೈದು ಮನೆ, ನಾಲ್ಕು ಕವಡೆ, ನಾಲ್ವರು ಆಟಗಾರರು, ತಲೆಗೆ ನಾಲ್ಕು ಕಾಯಿ. ಮೈಸೂರಿನ ರಾಮ್ಸನ್ಸ್ ಕಲಾ ಪ್ರತಿಷ್ಠಾನ ಇಂಥ ಮಣೆಯಾಟಗಳನ್ನು ಪ್ರದರ್ಶನಗಳ ಮೂಲಕ ಮತ್ತೆ ಬಳಕೆಗೆ ತಂದಿದೆ, ಅಜ್ಜಿಯಂದಿರಿಗಂತೂ ನಿಯಮ ಗೊತ್ತೇ ಇದೆ. ಸೀಮೆಸುಣ್ಣದಲ್ಲಿ ನೆಲದ ಮೇಲೆ ಬರೆದು ಮನೆಗೊಂದು ಕ್ರಿಯಾಪದ ಹಾಕಬೇಕು. ಕಾಯಿ ನಿಂತ ಮನೆಯ ಪದ ಹಿಡಿದು ಒಂದು ವಾಕ್ಯ ಹೇಳಿದರೆ ಕಾಯಿ ಅಲ್ಲೇ, ಇಲ್ಲವಾದರೆ ಹಿಂದಕ್ಕೆ. ಹೊಸದೊಂದು ಕಟ್ಟಳೆ ಸೇರಿಸಿದರೆ ಆಟ ಏರುತ್ತದೆ: ಹೇಳಿದ ವಾಕ್ಯ ನಿಜವೋ ಸುಳ್ಳೋ ಎಂದು ಎದುರಾಳಿ ಪ್ರಶ್ನೆ ಕೇಳಬಹುದು. "ಐ ಸಾ ಎ ಸ್ನೇಕ್ ಯೆಸ್ಟರ್‌ಡೇ." "ವೇರ್ ಡಿಡ್ ಯು ಸೀ ಇಟ್?" ಬಾಯಿಪಾಠದ ಆಟ ಅಲ್ಲಿಂದ ಮಾತಿಗೆ ಹೊರಳುತ್ತದೆ.

ಮಾತಾಡಲು ಹೆದರುವ ಮಕ್ಕಳಿಗೆ ಕಿವಿಯ ಆಟ ಮೊದಲು ಬೇಕು. ಇಲ್ಲಿ ಒಂದು ಸೂಕ್ಷ್ಮವಿದೆ. ಬಿಲ್ ವ್ಯಾನ್‌ಪ್ಯಾಟನ್ ಎಂಬ ಭಾಷಾವಿಜ್ಞಾನಿ ತೊಂಬತ್ತರ ದಶಕದಿಂದ ಹೇಳುತ್ತ ಬಂದಿರುವ ಮಾತು: ವಾಕ್ಯದಲ್ಲಿ 'ಯೆಸ್ಟರ್‌ಡೇ' ಇದ್ದರೆ ಕಲಿಯುವವನು ಕ್ರಿಯಾಪದದ ಬಾಲವನ್ನು ಗಮನಿಸುವುದೇ ಇಲ್ಲ. ಕಾಲ ಆಗಲೇ ತಿಳಿದುಹೋಗಿರುತ್ತದಲ್ಲ! ನಮ್ಮ ಅಭ್ಯಾಸಗಳಲ್ಲಿ ಹತ್ತಕ್ಕೆ ಹತ್ತು ವಾಕ್ಯವೂ 'ಯೆಸ್ಟರ್‌ಡೇ'ಯಿಂದಲೇ ಶುರು. ಅದನ್ನು ತೆಗೆದುಹಾಕಿ, ಬರೀ ಕ್ರಿಯಾಪದ ಕೇಳಿ ಕಾಲ ಹೇಳುವ ಹಾಗೆ ಮಾಡಬೇಕು. ಅದಕ್ಕೆ ಹೇಳಿ ಮಾಡಿಸಿದ್ದು ಕೆರೆ–ದಡ. ಗೆರೆಯ ಈಚೆ ದಡ, ಆಚೆ ಕೆರೆ. "ದೆ ಪ್ಲೇ ಇನ್ ದ ಪಾರ್ಕ್" ಎಂದರೆ ದಡದಲ್ಲೇ ನಿಲ್ಲಬೇಕು, "ದೆ ಪ್ಲೇಡ್ ಇನ್ ದ ಪಾರ್ಕ್" ಎಂದರೆ ಕೆರೆಗೆ ಹಾರಬೇಕು. ಆ ಒಂದು ಡಕಾರ ಕೇಳಿಸದಿದ್ದರೆ ಔಟ್. ನಡುವೆ "ದೆ ಕಟ್ ದ ಟ್ರೀ" ಎಂದು ಮೇಷ್ಟರು ಕಿಡಿಗೇಡಿತನ ಮಾಡಿದರೆ ಅರ್ಧ ತರಗತಿ ಕೆರೆಯಲ್ಲಿ, ಅರ್ಧ ದಡದಲ್ಲಿ. ಇಬ್ಬರೂ ಸರಿ ಎಂದು ವಿವರಿಸಲು ಅದಕ್ಕಿಂತ ಒಳ್ಳೆಯ ಗಳಿಗೆ ಸಿಗದು. ಒಬ್ಬರೂ ಬಾಯಿ ಬಿಡದೆ ನಲವತ್ತು ಜನರೂ ವ್ಯಾಕರಣ ಮಾಡಿರುತ್ತಾರೆ.

ಅಭಿನಯದ ಆಟಗಳನ್ನು ಬೇಗ ಹೇಳಿ ಮುಗಿಸಬಹುದು. ಒಬ್ಬಳು ಮುಂದೆ ಬಂದು ಮೂಕಾಭಿನಯದಲ್ಲಿ ನಾಲ್ಕು ಕೆಲಸ ಮಾಡುತ್ತಾಳೆ, ಬೀಗ ತೆಗೆಯುತ್ತಾಳೆ, ಹಾಲು ಕಾಯಿಸುತ್ತಾಳೆ, ಉಕ್ಕಿಸುತ್ತಾಳೆ, ಒರೆಸುತ್ತಾಳೆ. ಮುಗಿದ ಮೇಲೆ ತರಗತಿ ನಡೆದದ್ದನ್ನು ಕ್ರಮವಾಗಿ ಹೇಳುತ್ತದೆ. ರಂಗಾಯಣದ ಚಿಣ್ಣರ ಮೇಳ ಕಂಡ ಊರಿನಲ್ಲಿ ಇಂಥದ್ದಕ್ಕೆ ಮಕ್ಕಳನ್ನು ಒತ್ತಾಯಿಸಬೇಕಾಗಿಲ್ಲ. ಅಭಿನಯ ನಡೆಯುತ್ತಿರುವಾಗ ಯಾರೂ ಮಾತಾಡಬಾರದು, ಇದೊಂದೇ ಎಚ್ಚರ. ಆಡಿದರೆ ಅದು ವರ್ತಮಾನಕಾಲದ ಪಾಠವಾಗಿಬಿಡುತ್ತದೆ.

ಎಲ್ಲಕ್ಕಿಂತ ಹೆಚ್ಚು ಕೆಲಸ ತೆಗೆಯುವ ಆಟ ಅಲಿಬೈ. ಅದು ಎಲ್ಲ ಕೈಪಿಡಿಗಳಲ್ಲೂ ಇದೆ, ಆದರೆ ಮೈಸೂರಿಗೆ ತಂದು ನೋಡಿ. ಕಳೆದ ಶನಿವಾರ ಸಂಜೆ ನಾಲ್ಕರಿಂದ ಆರರ ನಡುವೆ ದೇವರಾಜ ಮಾರ್ಕೆಟ್ಟಿನ ಹೂವಿನ ಸಾಲಿನಲ್ಲಿ ಒಂದು ಬುಟ್ಟಿ ಮಲ್ಲಿಗೆ ಕಾಣೆಯಾಗಿದೆ. ಅನುಮಾನ ಇಬ್ಬರ ಮೇಲೆ. ಇಬ್ಬರೂ ಆ ಹೊತ್ತಿನಲ್ಲಿ ಜೊತೆಗೆ ಬೇರೆ ಕಡೆ ಇದ್ದೆವು ಎನ್ನುತ್ತಾರೆ. ವರಾಂಡಕ್ಕೆ ಕಳಿಸಿ ಐದು ನಿಮಿಷ ಕೊಟ್ಟರೆ ಕತೆ ಹೊಂದಿಸಿಕೊಂಡು ಬರುತ್ತಾರೆ: ಕಾರಂಜಿ ಕೆರೆಗೆ ಹೋದೆವು, ದೋಣಿ ಹತ್ತಿದೆವು, ಚುರುಮುರಿ ತಿಂದೆವು. ಅಷ್ಟರಲ್ಲಿ ಒಳಗಿರುವವರು ಪೊಲೀಸರಾಗಿ ಪ್ರಶ್ನೆ ಸಿದ್ಧಮಾಡುತ್ತಾರೆ. ಒಬ್ಬೊಬ್ಬರನ್ನೇ ಒಳಕ್ಕೆ ಕರೆದು ಅವೇ ಪ್ರಶ್ನೆ. ಬಸ್ಸಿನಲ್ಲಿ ಹೋದಿರೋ ನಡೆದೋ, ಟಿಕೆಟ್ ಯಾರು ತೆಗೆದರು, ಚುರುಮುರಿಗೆ ಎಷ್ಟು ಕೊಟ್ಟಿರಿ, ಮಳೆ ಬಂತೇ? ಉತ್ತರ ಹೊಂದದಿದ್ದರೆ ಕಳ್ಳರು ಸಿಕ್ಕಿಬಿದ್ದರು.

ಇದರ ಗುಟ್ಟು ಪ್ರಶ್ನೆಯಲ್ಲಿದೆ. ಸಾಮಾನ್ಯ ತರಗತಿಯಲ್ಲಿ ಪ್ರಶ್ನೆ ಕೇಳುವವರು ಮೇಷ್ಟರೊಬ್ಬರೇ, ಮಕ್ಕಳಿಗೆ 'ಡಿಡ್' ಹಚ್ಚುವ ಅವಕಾಶವೇ ಬರುವುದಿಲ್ಲ. ಇಲ್ಲಿ ಮೂವತ್ತೆಂಟು ಜನ ಕೇಳುವವರು, ಇಬ್ಬರು ಹೇಳುವವರು. ಉತ್ತರ ಯಾರಿಗೂ ಮೊದಲೇ ಗೊತ್ತಿಲ್ಲ. ದೊಡ್ಡ ತರಗತಿಯಲ್ಲಿ ನಾಲ್ಕೈದು ಬಾಯಿಬಡುಕರೇ ವಿಚಾರಣೆಯನ್ನು ನುಂಗಿಹಾಕುವ ಅಪಾಯವಿದೆ. ಅದಕ್ಕೆ ಪೊಲೀಸರನ್ನು ಆರು ತಂಡ ಮಾಡಿ ಊಟ, ಪ್ರಯಾಣ, ದುಡ್ಡು, ಬಟ್ಟೆ, ಹವೆ, ಸಿಕ್ಕಿದ ಜನ ಎಂದು ತಂಡಕ್ಕೊಂದು ವಿಷಯ ಹಂಚಬೇಕು, ಒಂದು ತಂಡದಿಂದ ಒಬ್ಬರು ಎರಡು ಸಲ ಕೇಳುವಂತಿಲ್ಲ. "ಡಿಡ್ ಯು ವೆಂಟ್" ಎಂದು ಕೇಳಿದರೆ ಆರೋಪಿ ಉತ್ತರಿಸಬೇಕಾಗಿಲ್ಲ ಎಂಬ ನಿಯಮ ಇಟ್ಟರೆ, ತಿದ್ದುವ ಕೆಲಸವನ್ನು ಆರೋಪಿಗಳೇ ಮುತುವರ್ಜಿಯಿಂದ ಮಾಡುತ್ತಾರೆ. ಕೊನೆಗೆ ತಂಡಗಳು ಪೊಲೀಸ್ ಹೇಳಿಕೆ ಬರೆಯುತ್ತವೆ. ಹತ್ತು ಸಾಲು, ಪೂರ್ತಿ ಭೂತಕಾಲದಲ್ಲಿ, ಸಹಿ ಹಾಕಿ.

ಊರಿನ ಸಂಗತಿಗಳೇ ತುಂಬ ಸರಕು ಒದಗಿಸುತ್ತವೆ. 1978ರಿಂದ ಮೈಸೂರಿನ ಸಂಜೆಗಳಿಗೆ 'ಸ್ಟಾರ್ ಆಫ್ ಮೈಸೂರ್' ಇದೆ. ಇಂಗ್ಲಿಷ್ ಪತ್ರಿಕೆಗಳ ತಲೆಬರಹ ವರ್ತಮಾನದಲ್ಲಿರುತ್ತದೆ, ಕೆಳಗಿನ ಸುದ್ದಿ ಭೂತಕಾಲದಲ್ಲಿ. "ಲೆಪರ್ಡ್ ಎಂಟರ್ಸ್ ಕ್ಯಾಂಪಸ್" ಎಂಬ ಬಗೆಯ ತಲೆಬರಹ ಕತ್ತರಿಸಿ ಹಂಚಿ, ಸುದ್ದಿಯ ಮೊದಲ ಸಾಲನ್ನು ಮಕ್ಕಳೇ ಬರೆದು ಆಮೇಲೆ ಪತ್ರಿಕೆಯ ಜೊತೆ ಹೋಲಿಸುವುದು ಏಳನೇ ತರಗತಿಯ ಮೇಲಿನವರಿಗೆ ಚೆನ್ನಾಗಿ ಒಗ್ಗುವ ಕೆಲಸ. ದಸರೆಯ ಆನೆಗಳನ್ನು ಹಿಡಿದರೆ ಕೆಳಗಿನ ತರಗತಿಗೂ ಆಟವಾಗುತ್ತದೆ. 750 ಕಿಲೊ ತೂಕದ ಚಿನ್ನದ ಅಂಬಾರಿಯನ್ನು ಬಲರಾಮ 1999ರಿಂದ 2011ರವರೆಗೆ, ಅರ್ಜುನ 2012ರಿಂದ 2019ರವರೆಗೆ ಹೊತ್ತ. 2020ರಲ್ಲಿ ಅಭಿಮನ್ಯುವಿನ ಸರದಿ ಬಂತು. ಇಷ್ಟನ್ನು ಚೀಟಿಯಲ್ಲಿ ಹಂಚಿ ರಸಪ್ರಶ್ನೆ ಕಟ್ಟಿದರೆ ಇಂಗ್ಲಿಷಿನ ಒಂದು ಕಗ್ಗಂಟು ತಾನಾಗಿ ಬಿಡಿಸಿಕೊಳ್ಳುತ್ತದೆ: "ಹೂ ಕ್ಯಾರೀಡ್ ದ ಹೌಡಾ ಇನ್ 2015?" ಎಂಬಲ್ಲಿ 'ಡಿಡ್' ಬೇಡ, "ವೆನ್ ಡಿಡ್ ಅರ್ಜುನ ಕ್ಯಾರಿ ಇಟ್?" ಎಂಬಲ್ಲಿ ಬೇಕು. ಪ್ರಶ್ನೆ ಕರ್ತೃವಿನ ಬಗ್ಗೆಯೋ ಮಿಕ್ಕದ್ದರ ಬಗ್ಗೆಯೋ ಎಂಬುದು ಆನೆಯ ಮೂಲಕ ಬೇಗ ಹೊಳೆಯುತ್ತದೆ.

ಹೈಸ್ಕೂಲಿಗೆ ರೂತ್ ವಾಯ್ನ್‌ರಿಬ್ 1990ರ ಪುಸ್ತಕದಲ್ಲಿ ವಿವರಿಸಿದ ಡಿಕ್ಟೊಗ್ಲಾಸ್ ಇದೆ. ಚಿಕ್ಕ ಪಠ್ಯವೊಂದನ್ನು ಮೇಷ್ಟರು ಸಹಜ ವೇಗದಲ್ಲಿ ಎರಡು ಸಲ ಓದುತ್ತಾರೆ. ಮಕ್ಕಳು ಬಿಡಿ ಪದಗಳನ್ನು ಗೀಚಿಕೊಂಡು, ಗುಂಪಿನಲ್ಲಿ ಕೂತು ಪಠ್ಯವನ್ನು ಮತ್ತೆ ಕಟ್ಟುತ್ತಾರೆ. ಪಠ್ಯ ಅರಮನೆಯದೇ ಆಗಲಿ. ಹಳೆಯ ಮರದ ಅರಮನೆಗೆ 1897ರಲ್ಲಿ ರಾಜಕುಮಾರಿ ಜಯಲಕ್ಷಮ್ಮಣ್ಣಿಯವರ ಮದುವೆಯ ಸಂದರ್ಭದಲ್ಲಿ ಬೆಂಕಿ ಬಿತ್ತು. ಹೊಸದರ ನಕ್ಷೆಯನ್ನು ಹೆನ್ರಿ ಇರ್ವಿನ್ ಮಾಡಿದರು, ಕೆಲಸ 1912ರಲ್ಲಿ ಮುಗಿಯಿತು, 41 ಲಕ್ಷ ರೂಪಾಯಿಗೂ ಮೇಲೆ ಖರ್ಚಾಯಿತು. ಕಾಟ್, ಬರ್ನ್ಟ್, ಡ್ರೂ, ಬಿಲ್ಟ್, ಟುಕ್, ಕಾಸ್ಟ್ ಎಲ್ಲವೂ ಐದು ವಾಕ್ಯದಲ್ಲಿ ಬಂದುಹೋಗುತ್ತವೆ, ಕತೆಯಾಗಿ ಬರುವುದರಿಂದ ನೆನಪಿನಲ್ಲೂ ಕೂರುತ್ತವೆ. ಮನೆಮಾತಿನಿಂದ ಬಾರದ ಅನಿಯಮಿತ ರೂಪಗಳಿಗೆ ಕತೆಯೇ ದೊಡ್ಡ ಕಣಜ. ಮಹಾರಾಜಾ ಕಾಲೇಜು ಪ್ರೌಢಶಾಲೆಯ ಮುಖ್ಯೋಪಾಧ್ಯಾಯರ ಮಗ ಆರ್. ಕೆ. ನಾರಾಯಣ್ ವಿಶ್ವವಿದ್ಯಾನಿಲಯದ ಪ್ರವೇಶ ಪರೀಕ್ಷೆಯಲ್ಲಿ ನಪಾಸಾಗಿ ಒಂದು ವರ್ಷ ಮನೆಯಲ್ಲಿ ಕೂತು ಓದಿದ್ದು, ಬರೆದದ್ದು ಎಲ್ಲರಿಗೂ ಗೊತ್ತಿರುವ ಸಂಗತಿ. ಅವರ ಇಂಗ್ಲಿಷ್ ಯಾವ ಪಟ್ಟಿಯಿಂದ ಬಂತು ಎಂದು ಯಾರೂ ಕೇಳಿಲ್ಲ.

ಇಷ್ಟೆಲ್ಲ ಅಭ್ಯಾಸ ಬೇಕೇ ಎಂಬ ಪ್ರಶ್ನೆ ಬೆಂಗಳೂರಿನಲ್ಲೇ ಎದ್ದಿತ್ತು. ಎನ್. ಎಸ್. ಪ್ರಭು 1979ರಿಂದ 1984ರವರೆಗೆ ದಕ್ಷಿಣ ಭಾರತ ಪ್ರಾದೇಶಿಕ ಇಂಗ್ಲಿಷ್ ಸಂಸ್ಥೆಯ ಆಶ್ರಯದಲ್ಲಿ ನಡೆಸಿದ ಪ್ರಯೋಗ ಜಗತ್ತಿನ ಭಾಷಾಬೋಧನೆಯ ಪುಸ್ತಕಗಳಲ್ಲಿ 'ಬ್ಯಾಂಗಲೋರ್ ಪ್ರಾಜೆಕ್ಟ್' ಎಂದೇ ಹೆಸರಾಗಿದೆ. ನಮ್ಮ ಶಿಕ್ಷಕರಿಗೇ ಅದು ಅಷ್ಟು ಪರಿಚಿತವಲ್ಲ. ಭೂತಕಾಲ, ವರ್ತಮಾನಕಾಲ ಎಂಬ ಪಾಠವೇ ಅಲ್ಲಿಲ್ಲ. ರೈಲಿನ ವೇಳಾಪಟ್ಟಿ, ನಕಾಶೆ ಮುಂದಿಟ್ಟುಕೊಂಡು ಮಕ್ಕಳು ತಲೆ ಓಡಿಸುತ್ತಾರೆ, ವ್ಯಾಕರಣ ಬೆನ್ನಹಿಂದೆ ತಾನಾಗಿ ಬೆಳೆಯುತ್ತದೆ ಎಂಬುದು ಅವರ ನಂಬಿಕೆ. 1987ರ 'ಸೆಕೆಂಡ್ ಲ್ಯಾಂಗ್ವೇಜ್ ಪೆಡಗಾಜಿ'ಯಲ್ಲಿ ಅದೆಲ್ಲ ಇದೆ. ಗುಂಪುಕೆಲಸದ ಬಗ್ಗೆಯೂ ಅವರಿಗೆ ಒಲವಿರಲಿಲ್ಲ: ಮಕ್ಕಳು ಒಬ್ಬರ ತಪ್ಪನ್ನು ಇನ್ನೊಬ್ಬರು ಗಟ್ಟಿಮಾಡುತ್ತಾರೆ ಎಂಬ ಆತಂಕ. ಗುಂಪು ಗುಂಪು ಎಂದು ಜಪಿಸುವ ಇಂದಿನ ತರಬೇತಿಗಳಿಗೆ ಇದು ಒಳ್ಳೆಯ ಚಾಟಿ.

ಪ್ರಭು ಅವರ ಅರ್ಧ ಮಾತನ್ನು ನಾನು ಒಪ್ಪುತ್ತೇನೆ. ಅಲಿಬೈ ಗೆಲ್ಲುವುದು ಅವರು ಹೇಳುವ ಕಾರಣಕ್ಕೇ: ಅಲ್ಲಿ ಗಮನ ಕಳ್ಳನ ಮೇಲಿದೆ, ಕ್ರಿಯಾಪದದ ಮೇಲಿಲ್ಲ. ಒಪ್ಪದ ಅರ್ಧ ಇದು: ವಾರಕ್ಕೆ ಐದಾರು ಪಿರಿಯಡ್ ಬಿಟ್ಟರೆ ಬೇರೆಲ್ಲೂ ಇಂಗ್ಲಿಷ್ ಕೇಳದ ಮಗುವಿಗೆ 'ತಾನಾಗಿ ಬೆಳೆಯಲು' ಬೇಕಾದಷ್ಟು ನೀರು ಸಿಗುವುದಿಲ್ಲ. 'ಡ್' ಎಂಬ ಸಣ್ಣ ಸದ್ದು ಕೆರೆ–ದಡ ಆಡಿಸದೆ ಅದರ ಕಿವಿಗೆ ಬೀಳುವುದೇ ಇಲ್ಲ. ಗುಂಪಿನ ಪ್ರಶ್ನೆಗೆ ನನ್ನ ರಾಜಿ: ಯೋಜನೆ ಹಾಕುವಾಗ, ಕತೆ ಹೊಂದಿಸುವಾಗ ಕನ್ನಡ ಧಾರಾಳವಾಗಿ ಇರಲಿ, ವಿಚಾರಣೆಯ ಹತ್ತು ನಿಮಿಷ ಮಾತ್ರ ಇಂಗ್ಲಿಷಿಗೆ ಮೀಸಲು. ಕನ್ನಡ ಆಡಿದವರಿಗೆ ದಂಡ ಹಾಕುವ ಶಾಲೆಗಳು ಈ ನಗರದಲ್ಲಿ ಇನ್ನೂ ಇವೆ. ಅವರಿಗೆ ಹೇಳುವಂಥದ್ದು ನನ್ನಲ್ಲೇನೂ ಇಲ್ಲ.

ತಿದ್ದುವ ವಿಷಯ ಆಟದಷ್ಟೇ ಮುಖ್ಯ. ಮಗು "ಐ ಗೋ ಟು ನಂಜನಗೂಡು" ಎಂದಾಗ, "ಓ, ಯು ವೆಂಟ್ ಟು ನಂಜನಗೂಡು?" ಎಂದು ನಯವಾಗಿ ಸರಿರೂಪ ಹೇಳುವುದು ಬಹುತೇಕರ ರೂಢಿ. ಕೆನಡಾದ ತರಗತಿಗಳಲ್ಲಿ ಲಿಸ್ಟರ್ ಮತ್ತು ರಾಂಟಾ 1997ರಲ್ಲಿ ಕಂಡದ್ದು ಹೀಗೆ: ಶಿಕ್ಷಕರು ಅತಿ ಹೆಚ್ಚು ಬಳಸುವುದು ಈ ವಿಧಾನವನ್ನೇ, ಮಕ್ಕಳು ಅತಿ ಕಡಿಮೆ ಗಮನಿಸುವುದೂ ಇದನ್ನೇ. ಅದು ತಿದ್ದುಪಡಿ ಎಂದು ಮಗುವಿಗೆ ಅನಿಸುವುದೇ ಇಲ್ಲ, ಮಿಸ್ ಮಾತಾಡಿಸುತ್ತಿದ್ದಾರೆ ಅಂದುಕೊಳ್ಳುತ್ತದೆ. ಹೆಬ್ಬೆರಳನ್ನು ಹೆಗಲ ಹಿಂದಕ್ಕೆ ತೋರಿಸಿ ಸುಮ್ಮನೆ ಕಾಯುವುದು ಹೆಚ್ಚು ಫಲ ಕೊಡುತ್ತದೆ. ಮಗು ತಾನೇ ವೆಂಟನ್ನು ಹುಡುಕಿ ತರುತ್ತದೆ.

ಇನ್ನು ಪರೀಕ್ಷೆ. ಬಿಟ್ಟ ಸ್ಥಳ, ಪಕ್ಕದಲ್ಲಿ ಕ್ರಿಯಾಪದದ ಮೂಲರೂಪ, ಸರಿಯಾದ ರೂಪ ಬರೆಯಿರಿ: ಪ್ರಶ್ನೆ ಹೀಗೇ ಇರುವವರೆಗೆ ಮೇಷ್ಟರು ಬಾಯಿಪಾಠವನ್ನೇ ನೆಚ್ಚುವುದು ಸಹಜ, ಅವರನ್ನು ಬೈದು ಪ್ರಯೋಜನವಿಲ್ಲ. ಶಾಲೆಯೊಳಗಿನ ಕಿರುಪರೀಕ್ಷೆಗಳಲ್ಲಾದರೂ ಉತ್ತರದ ಬದಲು ಪ್ರಶ್ನೆ ಬರೆಸಬಹುದು. "ಶಿ ಬಾಟ್ ಎ ಕಿಲೊ ಆಫ್ ಬದನೆ ಫಾರ್ ಫಾರ್ಟಿ ರುಪೀಸ್" ಎಂಬ ಒಂದು ವಾಕ್ಯ ಕೊಟ್ಟು ಅದಕ್ಕೆ ನಾಲ್ಕು ಪ್ರಶ್ನೆ ಕಟ್ಟಿಸಿದರೆ ಯಾರಿಗೆ ಏನು ಬಂದಿದೆ ಎಂದು ತಿಳಿದುಹೋಗುತ್ತದೆ.

ದಸರಾ ರಜೆ ಮುಗಿದೊಡನೆ ಮೈಸೂರಿನ ಶಾಲೆಗಳಲ್ಲಿ ಬರೆಸುವ 'ಹೌ ಐ ಸ್ಪೆಂಟ್ ಮೈ ಹಾಲಿಡೇಸ್' ಪ್ರಬಂಧಕ್ಕೂ ಇದೇ ಚಿಕಿತ್ಸೆ ಸಾಕು. ಅರಮನೆ, ಮೃಗಾಲಯ, ಬೃಂದಾವನ ಎಂದು ಗೈಡಿನಿಂದ ಇಳಿಸಿದ ಇಪ್ಪತ್ತು ಸಾಲಿನ ಬದಲು ಐದೇ ವಾಕ್ಯ ಬರೆಯಲಿ, ಅದರಲ್ಲಿ ಒಂದು ಶುದ್ಧ ಸುಳ್ಳಾಗಿರಲಿ. ಗೆಳೆಯರು 'ಡಿಡ್' ಹಚ್ಚಿ ಪ್ರಶ್ನೆ ಕೇಳಿ ಆ ಸುಳ್ಳನ್ನು ಹಿಡಿಯಬೇಕು. ಒಬ್ಬೊಬ್ಬರಿಗೆ ಮೂರು ನಿಮಿಷ ಹಿಡಿದರೂ ನಲವತ್ತು ಮಕ್ಕಳಿಗೆ ಮೂರು ಪಿರಿಯಡ್ ಬೇಕು. ಅಷ್ಟು ಸಮಯವನ್ನು ವರ್ಷದ ಪಾಠಯೋಜನೆಯಲ್ಲಿ ಜೂನ್ ತಿಂಗಳಲ್ಲೇ ಎತ್ತಿಟ್ಟುಕೊಳ್ಳದಿದ್ದರೆ ಅಕ್ಟೋಬರಿನಲ್ಲಿ ಅದು ಸಿಗುವುದಿಲ್ಲ.